ಚಿಕ್ಕಮ್ಮನ ಪಾಳಿಯ ದಿನ ಕಿವುಡಾಗುತ್ತಿದ್ದ ರಿಸೀವರು

ಚಿಕ್ಕಪ್ಪ ತೀರಿಕೊಂಡು ವರ್ಷ ತುಂಬುವ ಮೊದಲೇ ದೊಡ್ಡಪ್ಪ ತನ್ನ ಹೊಲದ ಬದುವಿಗೆ ಜಾಲಿಮುಳ್ಳು ಹಾಕಿಸಿದ. ಬೋರ್‌ವೆಲ್ಲು ಇರುವುದು ಅವನ ಪಾಲಿನ ನೆಲದಲ್ಲಿ. ಕೊರೆಸಿದ್ದು ತಾತ, ಸೇರಬೇಕಾದದ್ದು ಅವನ ಮೂವರು ಮಕ್ಕಳಿಗೂ: ದೊಡ್ಡಪ್ಪ, ನನ್ನ ಅಪ್ಪ, ಕೊನೆಯವನಾದ ಚಿಕ್ಕಪ್ಪ. ಹಗಲು ತ್ರೀಫೇಸ್ ಕರೆಂಟು ಇರುವಷ್ಟು ಹೊತ್ತಿನ ನೀರು ಒಂದು ದಿನ ಒಬ್ಬರಿಗೆ. ಮೂರು ದಿನಕ್ಕೊಮ್ಮೆ ಪಾಳಿ ತಿರುಗಿ ಬರುತ್ತದೆ. ಚಿಕ್ಕಪ್ಪ ಕಾಯಿಲೆ ಬೀಳುವತನಕ ತನ್ನ ದಿನ ಬಂದಾಗ ಬದುವಿನ ಮೇಲೆ ನಡೆದುಹೋಗಿ, ಪಂಪ್‌ಹೌಸಿನೊಳಗಿನ ಹಸಿರು ಗುಂಡಿ ಒತ್ತಿ ಬರುತ್ತಿದ್ದ. ಅವನ ಜಾಗದಲ್ಲಿ ಚಿಕ್ಕಮ್ಮ ಹೊರಟಾಗ ಮುಳ್ಳು ಬಂತು.

ಹಾಲಿನ ಡೇರಿಯ ಜಗುಲಿಯ ಮೇಲೆ ಊರಿನ ಹಿರಿಯರು ಕೂತು ನ್ಯಾಯ ಮಾಡಿದರು. ನಮ್ಮೂರು ಇರುವುದು ಪೂರಿಗಾಲಿಯಿಂದ ಒಳಕ್ಕೆ, ಮಳವಳ್ಳಿ ಬಸ್ಸು ಇಳಿದು ನಡೆಯಬೇಕಾದ ದೂರದಲ್ಲಿ. ಅಂಥ ಮಾತುಗಳು ಇನ್ನೂ ಪೊಲೀಸಿನವರ ತನಕ ಹೋಗುವುದಿಲ್ಲ.

"ಬೆಳಿಗ್ಗೆ ಎದ್ದು ಒಲಕ್ಕೆ ಬಂದ್ರೆ ಮೊದ್ಲು ಅವಳ ಬೋಳು ಅಣೆ ನೋಡ್ಬೇಕಾ ನಾನು?" ಎಂದು ದೊಡ್ಡಪ್ಪ ಕೇಳಿದ. ಯಾರೂ ಇದು ತಪ್ಪು ಮಾತು ಎನ್ನಲಿಲ್ಲ. ಒಬ್ಬ ಹಿರಿಯ ನನ್ನ ಅಪ್ಪನ ಕಡೆ ತಿರುಗಿದ. "ನಿನ್ ಮಗ್ಳು ಮದ್ದೂರಲ್ಲಿ ಅದೇನೋ ರಿಮೋಟು ಜೋಡುಸ್ತಾಳಂತಲ್ಲ. ಒಂದ್ ತಂದಾಕ್ಲಿ. ಈಯಮ್ಮ ತನ್ನ ಒಲ್ದಲ್ಲೇ ನಿಂತ್ಕಂಡು ಒತ್ಲಿ. ಮುಳ್ಳೂ ಇರ್ಲಿ, ನೀರೂ ಓಗ್ಲಿ."

ಎಲ್ಲರೂ ನಕ್ಕು ಒಪ್ಪಿದರು. ಜೊತೆಗೆ ಎರಡು ಕರಾರು ಆದವು. ಕರೆಂಟು ಬಂದ ಒಂದು ಗಂಟೆಯೊಳಗೆ ಅವಳು ಪಂಪು ಶುರು ಮಾಡದಿದ್ದರೆ ಆ ದಿನದ ಪಾಳಿ ಮುಂದಿನವರಿಗೆ ಹೋಗಬೇಕು. ಅವಳ ನಂತರದ ಪಾಳಿ ನಮ್ಮದು. ಎರಡನೆಯದು ದೊಡ್ಡಪ್ಪನ ಕರಾರು: "ಅವ್ಳು ಒಬ್ಳೇ ಒಂದ್ ಬೆಳೆ ರೇಸ್ಮೆ ಗೂಡು ತಗುದ್ ತೋರ್ಸ್ಲಿ. ಆಗ್ನಿಲ್ಲ ಅಂದ್ರೆ ಸೊಪ್ಪಿನ ತ್ವಾಟ ನಂಗ್ ಬುಡ್ಲಿ, ನಾನ್ ಗೇಯ್ತೀನಿ. ಅವ್ಳಿಗೇನು, ನಮ್ಮನೇಲಿ ಮುದ್ದೆ ತಿನ್ಕಂಡು ಪಾತ್ರೆ ತೊಳ್ಕಂಡು ಬಿದ್ದಿರ್ಲಿ."

ಚಿಕ್ಕಮ್ಮ ಕಂಬದ ಹಿಂದೆ, ನನ್ನ ಪಕ್ಕ ನಿಂತಿದ್ದಳು. ಗಂಡನ ಅಣ್ಣನ ಎದುರು ನಮ್ಮ ಕಡೆ ಹೆಂಗಸರು ದನಿ ಎತ್ತುವುದಿಲ್ಲ. ಹೇಳಬೇಕಾದ್ದನ್ನು ಮಕ್ಕಳ ಬಾಯಲ್ಲಿ ಹೇಳಿಸುತ್ತಾರೆ. ಮದುವೆಯಾಗಿ ಬಂದಾಗಿನಿಂದ ಅವಳು ದೊಡ್ಡಪ್ಪನಿಗೆ ನೇರವಾಗಿ ಒಂದು ಮಾತೂ ಆಡಿರಲಿಲ್ಲ. "ಆಗ್ಲಿ ಅನ್ನು ಮಗ" ಎಂದು ನನ್ನ ಕಿವಿಯಲ್ಲಿ ಅಂದಳು. ನಾನು ಜಗುಲಿಗೆ ಕೇಳುವಂತೆ "ಆಗ್ಲಿ ಅಂತಾಳೆ" ಎಂದೆ.

ಮದ್ದೂರಿನ ಅಂಗಡಿಯಲ್ಲಿ ನನ್ನ ಕೆಲಸ ಸ್ಟಾರ್ಟರ್ ಡಬ್ಬಿಯೊಳಗೆ ರಿಸೀವರು ಕೂರಿಸುವುದು. ನಮ್ಮ ಪಂಪ್‌ಹೌಸಿಗೂ ನಾನೇ ಒಂದು ಕೂರಿಸಿದೆ, ಮೂರೂ ಮನೆಗೆ ಒಂದೊಂದು ರಿಮೋಟು ಕೊಟ್ಟೆ. ನಮ್ಮನೆಯದು ಗೊತ್ತಾಗಲೆಂದು ಹಿಂಬದಿಗೆ ಕೆಂಪು ಉಗುರುಬಣ್ಣದ ಚುಕ್ಕಿ ಇಟ್ಟೆ. ತಾರೀಖು ಹಾಕಿ, ಎಲ್ಲಿಂದ ಒತ್ತಿದರೆ ಹತ್ತಕ್ಕೆ ಎಷ್ಟು ಸಲ ಹಿಡಿಯಿತು ಎಂದು ದಿನಚರಿಯಲ್ಲಿ ಬರೆದೆ. ಚಿಕ್ಕಮ್ಮನ ತೋಟದ ಆಚೆ ಮೂಲೆಯಿಂದಲೂ ಹತ್ತಕ್ಕೆ ಹತ್ತು.

"ಅದುಕ್ಕೆ ಎಂಗ್ ಗೊತ್ತಾಯ್ತದೆ ನಾನ್ ಒತ್ತಿದ್ದು ಅಂತ?" ಎಂದು ಅವಳು ಕೇಳಿದಳು. ಬದುವಿನ ಮೇಲೆ ಕೂತು ವಿವರಿಸಿದೆ. ರಿಸೀವರಿನ ನಡುವೆ ನಾಲ್ಕು ಅಕ್ಕಿಕಾಳು ಜೋಡಿಸಿದಷ್ಟು ಅಗಲದ ಒಂದು ಕಪ್ಪು ಐಸಿ, ಅಂದರೆ ಚಿಪ್, ಇದೆ. ಒಂದು ಗೇಣಿಗೆ ತುಸು ಕಡಿಮೆ ಉದ್ದದ ತಾಮ್ರದ ತಂತಿ ಅದರ ಆಂಟೆನಾ. ಗಾಳಿಯಲ್ಲಿ ಹೋಗುವುದೆಲ್ಲ ಆ ತಂತಿಗೆ ತಗಲುತ್ತದೆ: ಪಕ್ಕದ ಊರಿನ ರಿಮೋಟು, ಮೊಬೈಲು, ಮೋಟಾರಿನ ಕಿಡಿ. ನಮ್ಮದು ಅದರಲ್ಲಿ ಸೊಳ್ಳೆಯ ಸದ್ದಿನಷ್ಟು. ಐಸಿ ಮೊದಲು ಎಲ್ಲವನ್ನೂ ದೊಡ್ಡದು ಮಾಡುತ್ತದೆ. ಆಮೇಲೆ ತನ್ನದೇ ಒಂದು ಅಲೆ ಹುಟ್ಟಿಸಿ, ಬಂದ ಅಲೆಯ ಜೊತೆ ಬೆರೆಸುತ್ತದೆ. ಎರಡರ ನಡುವಿನ ವ್ಯತ್ಯಾಸ ನಿಧಾನದ ಅಲೆಯಾಗಿ ಹೊರಬರುತ್ತದೆ. ಆ ನಿಧಾನದ ಅಲೆಯೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಒಂದು ಜರಡಿ ತಡೆಯುತ್ತದೆ. ಜರಡಿ ದಾಟಿ ಬಂದದ್ದರಲ್ಲಿ ಜೋರು ಯಾವುದು, ಮೆತ್ತಗಿನದು ಯಾವುದು ಎಂದು ಸರಾಸರಿ ಹಿಡಿದು ನೋಡಿ, ಜೋರಾದರೆ ಒಂದು, ಮೆತ್ತಗಾದರೆ ಸೊನ್ನೆ ಎಂದು ಬರೆದು ಕೊಡುತ್ತದೆ. ಪಕ್ಕದಲ್ಲಿರುವ ಇನ್ನೊಂದು ಐಸಿ ಆ ಸೊನ್ನೆ ಒಂದುಗಳ ಸಾಲನ್ನು ತನ್ನಲ್ಲಿರುವ ನಂಬರಿನ ಜೊತೆ ಹೋಲಿಸುತ್ತದೆ. ಒಂದೇ ನಂಬರು ಬೆನ್ನುಬೆನ್ನಿಗೆ ಎರಡು ಸಲ ಬಂದರೆ ಮಾತ್ರ ನಂಬುತ್ತದೆ. ಆಗ ಪಂಪು.

"ತಿರುಗಿ ನಂಗೇನೂ ಅನ್ನಲ್ವಾ ಅದು?"

"ಇಲ್ಲ ಚಿಕ್ಕಮ್ಮ. ನಿನ್ ಕೈಲಿರೋದ್ರಲ್ಲಿ ಕೆಂಪು ಲೈಟು ಅತ್ಕತ್ತದೆ, ಅಷ್ಟೆ. ಅದುಕ್ಕೆ ಮುಟ್ತೋ ಬುಡ್ತೋ ಗೊತ್ತಾಗಲ್ಲ."

"ನಮ್ಮತ್ತೆ ಅಂಗೇ ಇದ್ಲು ಬುಡು" ಎಂದು ನಕ್ಕಳು.

ಮೊದಲ ಕೆಲವು ಪಾಳಿ ನೀರು ಸರಿಯಾಗಿ ಹೋಯಿತು. ಹಿಪ್ಪುನೇರಳೆ ಕಡ್ಡಿ ಚಿಗುರಿ ಸೊಂಟದ ಎತ್ತರಕ್ಕೆ ಬಂತು. ಚಿಕ್ಕಮ್ಮ ಹುಳುಮನೆಗೆ ಸುಣ್ಣ ಬಳಿದು ಚಾಕಿ ಹುಳು, ಅಂದರೆ ಎರಡು ಸಲ ಪೊರೆ ಬಿಟ್ಟ ಎಳೆ ಹುಳು, ತಂದಳು. ಆ ವಾರದಿಂದಲೇ ಅವಳ ರಿಮೋಟು ಹಿಡಿಯದಂತಾಯಿತು.

ಮೊದಲ ಸಲ ಬ್ಯಾಟರಿ ಹೋಗಿದೆ ಅಂದುಕೊಂಡು ಹೊಸದು ಕೊಟ್ಟೆ. ಎರಡನೆಯ ಪಾಳಿಯೂ ಹೋಯಿತು. ಮೂರನೆಯದಕ್ಕೆ ಅಂಗಡಿಗೆ ರಜೆ ಹಾಕಿ ಅವಳ ಜೊತೆ ತೋಟದಲ್ಲಿ ನಿಂತೆ. ಕರೆಂಟು ಬಂತು. ಅವಳು ಒತ್ತಿದಳು, ಲೈಟು ಹತ್ತಿತು, ಪಂಪು ಸುಮ್ಮನಿತ್ತು. ಹತ್ತು ಹೆಜ್ಜೆ ಮುಂದೆ ಹೋಗಿ, ಕೈ ಮೇಲೆತ್ತಿ, ಮುಳ್ಳಿಗೆ ಎದೆ ತಾಗುವಷ್ಟು ಹತ್ತಿರ ನಿಂತು ಒತ್ತಿದಳು. ದೊಡ್ಡಪ್ಪ ಪಂಪ್‌ಹೌಸಿನ ಮುಂದೆ ಕಲ್ಲಿನ ಮೇಲೆ ಕೂತು ಬೀಡಿ ಸೇದುತ್ತಿದ್ದ.

"ಏನವ್ವ ಇಂಜಿನಿಯರು, ನಿನ್ ಡಬ್ಬುಕ್ಕೂ ನಿಮ್ಮ ಚಿಕ್ಕವ್ವನ ಮಕ ಕಂಡ್ರೆ ಆಗಲ್ವಲ್ಲ!"

"ನಾನ್ ಬಂದು ಒತ್ತೀನಿ ದೊಡ್ಡಪ್ಪ. ಒಂದ್ಸಲ."

"ಪಂಚಾಯ್ತೀಲಿ ಏನಂದ್ರು? ಅವಳೇ ಒತ್ಬೇಕು, ಅವಳ ಒಲ್ದಲ್ಲೇ ನಿಂತ್ಕಂಡು ಒತ್ಬೇಕು. ನೀನ್ ಒತ್ತಂಗಿದ್ರೆ ಅವಳ್ಯಾಕೆ, ರಿಮೋಟ್ಯಾಕೆ?"

ಒಂದು ಗಂಟೆ ಕಳೆಯಿತು. ಅಪ್ಪ ಸೈಕಲ್ಲಿನಲ್ಲಿ ಬಂದು, ಪಂಪ್‌ಹೌಸಿನೊಳಗೆ ಹೋಗಿ, ನಮ್ಮ ಗದ್ದೆಗೆ ನೀರು ತಿರುಗಿಸಿದ. ಚಿಕ್ಕಮ್ಮ ಇನ್ನೂ ಗುಂಡಿ ಒತ್ತುತ್ತಲೇ ಇದ್ದಳು. ಅವಳ ಹೆಬ್ಬೆರಳಿನ ಉಗುರು ಬಿಳಿಚಿಕೊಂಡಿತ್ತು.

ಮಾರನೆಯ ದಿನ ನಮ್ಮ ಪಾಳಿ. ಅದೇ ರಿಮೋಟು ಹಿಡಿದು, ಅದೇ ಮುಳ್ಳಿನ ಹತ್ತಿರ, ಆಮೇಲೆ ಅದೇ ಆಚೆ ಮೂಲೆಯಲ್ಲಿ ನಿಂತು ಹತ್ತು ಹತ್ತು ಸಲ ಒತ್ತಿದೆ. ಎಲ್ಲವೂ ಹಿಡಿದವು. ಪಂಪು ನಿಂತು ಹೊರಟು, ನಿಂತು ಹೊರಟು, ಅಪ್ಪ ಗದ್ದೆಯಿಂದ ನನಗೆ ಬೈದ. ದೂರ ಅದೇ, ಬ್ಯಾಟರಿ ಅದೇ, ಐಸಿ ಅದೇ. ಬೇರೆಯಾಗಿದ್ದದ್ದು ಯಾರ ಪಾಳಿ ಎಂಬುದು ಮಾತ್ರ. ಆ ಸಾಲನ್ನು ದಿನಚರಿಯಲ್ಲಿ ಬರೆದು ಕೆಳಗೆ ಗೆರೆ ಎಳೆದೆ. ಯಾರ ಪಾಳಿ ಎಂದು ತಿಳಿದು ಕೆಡುವ ಐಸಿಯನ್ನು ಯಾರೂ ಮಾಡಿಲ್ಲ.

ಅಂಗಡಿಯ ಯಜಮಾನರಿಗೆ ಹೇಳಿದೆ. ಅವರು ತಲೆ ಎತ್ತದೆ ಬೆಸುಗೆ ಹಾಕುತ್ತಲೇ, "ಕಿವಿ ಹತ್ರ ಯಾರಾದ್ರೂ ಕಿರುಚ್ತಾ ನಿಂತಿದ್ರೆ ದೂರದೋರ ಮಾತು ನಿಂಗ್ ಕೇಳ್ತದಾ? ಇನ್ನೊಂದು ರಿಸೀವರ್ ತಕ್ಕೊಂಡೋಗಿ ನೋಡು" ಅಂದರು. ನಾನು ಪಾಠದಲ್ಲಿ ಓದಿದ್ದೇ ಅದು. ಹತ್ತಿರದಲ್ಲಿ ಜೋರಾದ ಅಲೆ ಇದ್ದರೆ ಐಸಿ ತನ್ನ ಕಿವಿಯನ್ನು ತಾನೇ ಮಂದ ಮಾಡಿಕೊಳ್ಳುತ್ತದೆ. ಇಲ್ಲದಿದ್ದರೆ ಆ ಜೋರಿಗೆ ಒಂದೂ ಸೊನ್ನೆಯೂ ಕಲಸಿಹೋಗುತ್ತವೆ. ಕಿವಿ ಮಂದವಾದ ಮೇಲೆ ದೂರದ ಸಣ್ಣ ದನಿ ಅದರ ಪಾಲಿಗೆ ಇರುವುದೇ ಇಲ್ಲ.

ಮುಂದಿನ ಸಲ ಚಿಕ್ಕಮ್ಮನ ಪಾಳಿಗೆ ಒಂದು ಬಿಡಿ ರಿಸೀವರನ್ನೂ ಮೀಟರನ್ನೂ ಚೀಲದಲ್ಲಿ ಹಾಕಿಕೊಂಡು ಬಂದೆ. ಆ ಐಸಿಯ ಒಂದು ಕಾಲಿನಲ್ಲಿ, ಬರುತ್ತಿರುವ ಅಲೆ ಎಷ್ಟು ಜೋರು ಎಂಬುದು ವೋಲ್ಟಾಗಿ ಸಿಗುತ್ತದೆ. ಅದಕ್ಕೆ ಮೀಟರಿನ ತಂತಿ ಸಿಕ್ಕಿಸಿ, ಚಿಕ್ಕಮ್ಮನ ತೋಟದಿಂದ ಹೊರಟೆ. ಅವಳು ಒತ್ತದೆ ಇದ್ದಾಗಲೂ ಮೀಟರು ಕೆಳಗಿಳಿಯಲಿಲ್ಲ. ದೊಡ್ಡಪ್ಪನ ಹೊಲದಲ್ಲಿ ಓಡಾಡಲು ನನಗೆ ತಡೆಯಿರಲಿಲ್ಲ, ನಾನು ಅವನ ತಮ್ಮನ ಮಗಳು, ಹಣೆಯಲ್ಲಿ ಕುಂಕುಮ ಇರುವವಳು. ಪಂಪ್‌ಹೌಸಿನ ಕಡೆ ನಡೆದಷ್ಟೂ ಮೀಟರು ಏರಿತು. ಒಳಗೆ ಹೋಗಿ ಗೋಡೆಗುಂಟ ತಿರುಗಿದೆ. ಶೀಟಿನ ಕೆಳಗೆ, ಗೋಡೆಯ ತಲೆಯ ಮೇಲೆ ಕೈ ಆಡಿಸಿದಾಗ ಸಿಕ್ಕಿತು. ಒಂದು ರಿಮೋಟು. ನಿಲ್ಲಿಸುವ ಕೆಂಪು ಗುಂಡಿಯ ಮೇಲೆ ಚಪ್ಪಟೆ ಕಲ್ಲಿನ ಚೂರು ಇಟ್ಟು, ಸೈಕಲ್ ಟ್ಯೂಬು ಕತ್ತರಿಸಿ ಮಾಡಿದ ರಬ್ಬರಿನಿಂದ ಬಿಗಿದಿದ್ದರು. ಅದರ ಲೈಟು ಬಿಡದೆ ಉರಿಯುತ್ತಿತ್ತು.

ತಿರುಗಿಸಿ ನೋಡಿದೆ. ಹಿಂಬದಿಯಲ್ಲಿ ಉಗುರುಬಣ್ಣದ ಚುಕ್ಕಿ.

ಆ ತಿಂಗಳು ನಮ್ಮನೆಯ ರಿಮೋಟಿಗೆಂದು ಅಪ್ಪ ನನ್ನಿಂದ ಎರಡು ಸಲ ಬ್ಯಾಟರಿ ತರಿಸಿಕೊಂಡಿದ್ದ.

ಅದನ್ನು ಹಿಡಿದುಕೊಂಡು ಹೊರಗೆ ಬಂದಾಗ ಅಪ್ಪ ನಮ್ಮ ಗದ್ದೆಯ ತೂಬಿನ ಹತ್ತಿರ ಗುದ್ದಲಿಯ ಮಣ್ಣು ಕೆರೆಯುತ್ತಿದ್ದ. ನನ್ನ ಕೈಯಲ್ಲಿರುವುದನ್ನು ನೋಡಿದ.

"ಎಲ್ಲಿತ್ತೋ ಅಲ್ಲೇ ಇಟ್ಟುಬುಟ್ಟು ಬಾ."

"ಅವಳ ಹುಳು ನಾಕನೇ ಜ್ವರಕ್ಕೆ ಬಂದವೆ ಅಪ್ಪ. ಸೊಪ್ಪು ಬಾಡ್ತಾ ಅದೆ." ಹುಳು ಪೊರೆ ಬಿಡುವುದನ್ನು ನಾವು ಜ್ವರ ಎನ್ನುತ್ತೇವೆ. ನಾಲ್ಕನೆಯದರಿಂದ ಎದ್ದ ಹುಳು ಅಲ್ಲಿಯವರೆಗೆ ತಿಂದದ್ದಕ್ಕಿಂತ ಎಷ್ಟೋ ಪಟ್ಟು ತಿನ್ನುತ್ತದೆ. ಆಗ ರಸವಿಲ್ಲದ ಸೊಪ್ಪು ಹಾಕಿದರೆ ಮೆತ್ತಗಾಗಿ ಕೊಳೆತು ಸಾಯುತ್ತದೆ.

"ಗೊತ್ತು. ಅಣ್ಣ ಏಳ್ದ, ಇಟ್ಟೆ. ತ್ವಾಟ ಅಣ್ಣಂಗೆ, ನೀರು ನಮಗೆ. ನಾಳೆ ನಿನ್ ಮದ್ವೆ ಅಂದ್ರೆ ನಿಮ್ ಚಿಕ್ಕವ್ವ ಬಂದು ಮಾಡ್ತಾಳಾ?"

"ಇದು ತಪ್ಪಲ್ವಾ?"

"ನಿನ್ನ ಡಿಪ್ಲೊಮಾ ಓದ್ಸಿದ್ದು ಯಾವ್ ನೀರು ಅಂತ ಗೊತ್ತಾ ನಿಂಗೆ? ಅವಳ ಗಂಡ ಕಾಯ್ಲೇಲಿ ಮಲಗಿದ್ನಲ್ಲ, ಆ ವರ್ಸ ಅವನ ಪಾಳೀಲೂ ನಾನೇ ಆಯಿಸ್ಕಂಡೆ. ಅವಾಗ ನೀನೇನೂ ಕೇಳ್ನಿಲ್ಲ. ಓಗು, ಇಟ್ಟುಬುಟ್ಟು ಬಾ."

ನಾನು ಅದನ್ನು ಅಲ್ಲೇ ಇಟ್ಟು ಬಂದೆ. ಹಿರಿಯರ ಹತ್ತಿರ ಹೋಗಿ ಹೇಳಬಹುದಿತ್ತು. ಅವರಲ್ಲಿ ಇಬ್ಬರು ದೊಡ್ಡಪ್ಪನ ಜೊತೆ ದಿನಾ ಎಲೆಯಡಿಕೆ ಹಾಕುವವರು. ರಿಮೋಟನ್ನು ತೆಗೆದು ತೋರಿಸಿದರೆ ಮಕ್ಕಳು ಆಟಕ್ಕೆ ಇಟ್ಟಿರಬೇಕು ಎನ್ನುತ್ತಿದ್ದರು. ನನಗೆ ಬೇಕಾಗಿದ್ದದ್ದು ನ್ಯಾಯವಲ್ಲ, ಮುಂದಿನ ಪಾಳಿಯ ನೀರು.

ನಮ್ಮೆಲ್ಲರ ರಿಮೋಟು ೪೩೩ ಮೆಗಾಹರ್ಟ್ಜಿನವು. ೩೧೫ರದು ಇನ್ನೊಂದು ಬಗೆ, ಅಂಗಡಿಯಲ್ಲಿ ಹಳೆಯ ಸ್ಟಾಕಿನಲ್ಲಿ ಬಿದ್ದಿತ್ತು. ಅದರ ಐಸಿ ಹುಟ್ಟಿಸುವ ಅಲೆಯೇ ಬೇರೆ. ೪೩೩ರಲ್ಲಿ ಯಾರು ಎಷ್ಟು ಕಿರುಚಿದರೂ ವ್ಯತ್ಯಾಸದ ಅಲೆ ಜರಡಿಗೆ ಹೊಂದುವುದಿಲ್ಲ, ಒಳಗೆ ಬರುವುದಿಲ್ಲ. ನಮ್ಮ ಪಾಳಿಯ ದಿನ ಸರ್ವಿಸ್ ಮಾಡುತ್ತೇನೆ ಎಂದು ಡಬ್ಬಿ ಬಿಚ್ಚಿ, ಹಳೆಯ ರಿಸೀವರು ತೆಗೆದು ಇದನ್ನು ಕೂರಿಸಿದೆ. ಇದರ ರಿಮೋಟು ಒಂದೇ ಒಂದು, ಅದನ್ನು ಚಿಕ್ಕಮ್ಮನ ಸೆರಗಿಗೆ ಕಟ್ಟಿದೆ. ಅಪ್ಪನಿಗೂ ದೊಡ್ಡಪ್ಪನಿಗೂ ದಾರಿಯಿದೆ, ಕೈಯಿಂದ ಒತ್ತಿಕೊಳ್ಳಲಿ.

ಅವಳ ಪಾಳಿ ಬಂತು. ಪಂಪ್‌ಹೌಸಿನ ಗೋಡೆಯ ತಲೆಯ ಮೇಲೆ ನಮ್ಮ ರಿಮೋಟು ಎಂದಿನಂತೆ ಉರಿಯುತ್ತಿತ್ತು. ಕರೆಂಟು ಬಂದದ್ದೇ ಚಿಕ್ಕಮ್ಮ ಒತ್ತಿದಳು. ಪಂಪು ಗುಡುಗಿತು. ಕಲ್ಲಿನ ಮೇಲೆ ಕೂತಿದ್ದ ದೊಡ್ಡಪ್ಪ ಬೀಡಿ ಬಾಯಲ್ಲಿ ಹಿಡಿದೇ ಎದ್ದ. ಅವಳು ಬಾಯಿಗೆ ಸೆರಗು ಒತ್ತಿಕೊಂಡು, ಸದ್ದಿಲ್ಲದೆ, ಮೈಯೆಲ್ಲ ಕುಲುಕಿ ನಕ್ಕಳು. ನೀರು ಬಂದು ಕಾಲಿಗೆ ತಾಗಿದಾಗ ಅದರಲ್ಲೇ ಕೂತುಬಿಟ್ಟಳು.

ಮೂರು ದಿನ ಕಳೆದು ಮತ್ತೆ ಅವಳ ದಿನ ಬಂದಾಗ ಪಂಪ್‌ಹೌಸಿಗೆ ಕಬ್ಬಿಣದ ಬಾಗಿಲು ಬಂದಿತ್ತು. ಒಳಗೆ ಮೇನ್ ಸ್ವಿಚ್ಚು ಇಳಿಸಿತ್ತು, ಹೊರಗೆ ಬೀಗ. ರೇಡಿಯೊ ಅಲೆ ಇಳಿಸಿದ ಸ್ವಿಚ್ಚನ್ನು ಎತ್ತುವುದಿಲ್ಲ.

"ಕೇಬಲ್ ಕಳ್ರು ಬತ್ತಾವ್ರೆ ಕಣವ್ವ, ಅದುಕ್ಕೆ ಬೀಗ" ಎಂದ ದೊಡ್ಡಪ್ಪ. ಪಂಚೆ ಸರಿಸಿ ಉಡಿದಾರಕ್ಕೆ ಕಟ್ಟಿದ ಕೀ ತೋರಿಸಿದ. "ನಾನೇನ್ ಕೊಡಲ್ಲ ಅಂತೀನಾ? ಬೇಕಾದೋರು ಬಾಯ್ಬುಟ್ಟು ಕೇಳ್ಲಿ. ನನ್ ಮುಂದೆ, ಅವಳ ಬಾಯಲ್ಲೇ. ನಿನ್ ಬಾಯಲ್ಲಲ್ಲ."

ಅವಳು ಬಾಯಿ ಬಿಡುವುದಿಲ್ಲ ಎಂಬ ನಂಬಿಕೆ ಅವನದು. ಇಪ್ಪತ್ತು ವರ್ಷ ಅಡಿಗೆಮನೆಯ ಬಾಗಿಲ ಹಿಂದಿನಿಂದ ಅವನಿಗೆ ನೀರು ಕೊಟ್ಟವಳು, ಅವನು ಬೀದಿಯಲ್ಲಿ ಬಂದರೆ ಗೋಡೆಗೆ ಮುಖ ಮಾಡಿ ನಿಂತವಳು. ಬೀಗ ಒಡೆದರೆ ಒಡೆದವಳದ್ದು ತಪ್ಪು. ಕೇಳದೆ ಇದ್ದರೆ ಒಂದು ಗಂಟೆ ಕಳೆಯುತ್ತದೆ. ಅಪ್ಪ ಪಕ್ಕದಲ್ಲಿ ನಿಂತು ಕಾಯುತ್ತಿದ್ದ.

ಚಿಕ್ಕಮ್ಮ ಮುಳ್ಳಿನ ಆಚೆ ಬಹಳ ಹೊತ್ತು ನಿಂತಿದ್ದಳು. ಆಮೇಲೆ ಸೀರೆ ಎತ್ತಿ ಕಟ್ಟಿ, ಮುಳ್ಳನ್ನು ಕಾಲಿನಿಂದಲೇ ಸರಿಸಿ ಈಚೆ ಬಂದಳು. ಮೀನಖಂಡದಲ್ಲಿ ರಕ್ತ ಇಳಿಯುತ್ತಿತ್ತು. ಅವನಿಂದ ನಾಲ್ಕು ಮಾರು ದೂರ ನಿಂತು ನೆಲ ನೋಡುತ್ತ ಏನೋ ಅಂದಳು.

"ಏನು? ನನ್ ಕಿವಿಗೆ ಬೀಳ್ನಿಲ್ಲ."

"ಬೀಗ" ಎಂದಳು.

"ಯಾರ್ನ ಮಾತಾಡ್ಸ್ತಾವ್ಳಪ್ಪಾ ಇವ್ಳು? ನೆಲಾನಾ?" ಅಪ್ಪನ ಕಡೆ ನೋಡಿ ನಕ್ಕ. ಅಪ್ಪನೂ ನಕ್ಕ. "ನಂಗ್ ವಯಸ್ಸಾಗದೆ ಕಣಮ್ಮ. ವಸಿ ಜೋರಾಗಿ."

ಅವಳು ತಲೆ ಎತ್ತಿದಳು. ಅವನ ಮುಖವನ್ನು ನೆಟ್ಟಗೆ ನೋಡಿ, ಕತ್ತಿನ ನರ ಉಬ್ಬುವಂತೆ, ಪಕ್ಕದ ಹೊಲದಲ್ಲಿ ಕಳೆ ಕೀಳುತ್ತಿದ್ದ ಹೆಂಗಸರೆಲ್ಲ ಸೊಂಟ ನೇರ ಮಾಡಿ ನಿಲ್ಲುವಂತೆ ಕೂಗಿದಳು: "ಬಾವಾ! ಬೀಗಾ ತಗೀ!"

ನಾನು ಆ ದನಿಯನ್ನು ಅಲ್ಲಿಯತನಕ ಕೇಳಿರಲಿಲ್ಲ. ದೊಡ್ಡಪ್ಪನ ಬೀಡಿ ಬಿತ್ತು. ಕಳೆ ಕೀಳುವವರಲ್ಲಿ ಒಬ್ಬಳು "ಅಯ್ ಶಿವನೇ" ಎಂದದ್ದು ನಮ್ಮ ತನಕ ಕೇಳಿಸಿತು. ಅಷ್ಟು ಜನ ನೋಡುತ್ತಿರುವಾಗ ಮಾತು ತಪ್ಪಲು ಆಗಲಿಲ್ಲ. ಉಡಿದಾರದ ಗಂಟು ಬಿಚ್ಚಿ ಕೀ ತೆಗೆದ. ಅವಳು ಕೈ ಚಾಚಿದಳು. ಅವನು ಅದನ್ನು ಅವಳ ಕಾಲ ಹತ್ತಿರ ಕಾಲುವೆಯ ಕೆಸರಿಗೆ ಹಾಕಿದ. ಅವಳು ಬಗ್ಗಿ ತೆಗೆದು, ಸೆರಗಿನಲ್ಲಿ ಒರೆಸಿ, ನನ್ನ ಕೈಗೆ ಕೊಟ್ಟಳು.

"ತಗಿ ಮಗ. ಟೇಮು ಮೀರ್ತದೆ."

ಗಂಟೆ ತುಂಬಲು ಇನ್ನೂ ಸ್ವಲ್ಪ ಇತ್ತು. ಸ್ವಿಚ್ಚು ಎತ್ತಿದೆ. ಅವಳು ಸೆರಗಿನ ಗಂಟು ಬಿಚ್ಚಿ, ಪಂಪ್‌ಹೌಸಿನ ಬಾಗಿಲಲ್ಲೇ ನಿಂತು ರಿಮೋಟು ಒತ್ತಿದಳು. ದೊಡ್ಡಪ್ಪ ಅಷ್ಟರಲ್ಲಿ ಹೊರಟುಹೋಗಿದ್ದ.

ಆ ಬೆಳೆಯಲ್ಲಿ ತಟ್ಟೆ ಲೆಕ್ಕದಲ್ಲಿ ಹೆಚ್ಚುಕಡಿಮೆ ಅರ್ಧ ಹುಳು ಸತ್ತವು. ಸತ್ತದ್ದನ್ನು ಅವಳು ಮೊರದಲ್ಲಿ ಗುಡಿಸಿ ಗುಂಡಿಗೆ ಹಾಕುವಾಗ ನಾನು ಸುಣ್ಣ ಎರಚಿದೆ. ಉಳಿದವು ಹಣ್ಣಾಗಿ ಚಂದ್ರಿಕೆ ಎಂಬ ಬಿದಿರಿನ ತಟ್ಟಿ ಹತ್ತಿ ನೂಲು ಸುತ್ತಿದವು. ಗೂಡು ತೆಳ್ಳಗಿದ್ದವು, ಬೆರಳಿನಲ್ಲಿ ಒತ್ತಿದರೆ ತಗ್ಗುವಷ್ಟು. ಅವುಗಳನ್ನೇ ಒಂದು ಪುಟ್ಟಿಯಲ್ಲಿ ತಂದು ಡೇರಿಯ ಜಗುಲಿಯ ಮೇಲೆ ಇಟ್ಟಳು. ಹಿರಿಯರು ಒಂದೊಂದು ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿದರು. "ಬಡಕಲು. ಆದ್ರೂ ಗೂಡು ಗೂಡೇಯ" ಎಂದು ಒಬ್ಬ ಅಂದ. ತೋಟ ಅವಳಲ್ಲೇ ಉಳಿಯಿತು. ಬೀಗವೂ ಉಳಿಯಿತು, ಕಳ್ಳರ ಭಯ ಎಲ್ಲರಿಗೂ ಇರುವುದರಿಂದ. ಕೀ ದೊಡ್ಡಪ್ಪನ ಹತ್ತಿರವೇ ಇರಲಿ, ಕೇಳಿದಾಗ ಕೊಡಲಿ ಎಂದರು.

ಹಾಗಾಗಿ ಈಗ ಪ್ರತಿ ಪಾಳಿಗೂ ಅವಳು ಹೋಗಿ ಕೇಳುತ್ತಾಳೆ. ಅವನು ಕೆಲವು ದಿನ ಹೊಲದಲ್ಲಿರುತ್ತಾನೆ, ಕೆಲವು ದಿನ ಬೇಕೆಂದೇ ಮನೆಯೊಳಗೆ ಮಲಗಿರುತ್ತಾನೆ. ಆಗ ಅವಳು ಬೀದಿಯಲ್ಲಿ ನಿಂತು ಕೂಗಬೇಕು. ಒಂದನೆಯ ಕೂಗಿಗೆ ಅವನು ಏಳುವುದಿಲ್ಲ. ನಾನು ಊರಲ್ಲಿದ್ದ ದಿನಗಳನ್ನು ಗುರುತು ಹಾಕಿಕೊಂಡಿದ್ದೇನೆ, ಒಂದನೆಯದಕ್ಕೆ ಒಮ್ಮೆಯೂ ಎದ್ದಿಲ್ಲ. ಬೀದಿಯ ಮಕ್ಕಳಿಗೆ ಅದು ಆಟ. ಅವಳು ಮೂಲೆ ತಿರುಗುವುದು ಕಂಡರೆ ಸಾಕು, ಅವಳು ಬಾಯಿ ತೆಗೆಯುವ ಮೊದಲೇ ಸಾಲಾಗಿ ನಿಂತು, ಕತ್ತು ಉದ್ದ ಮಾಡಿ, "ಬಾವಾ! ಬೀಗಾ ತಗೀ!" ಎಂದು ಒಟ್ಟಿಗೆ ಕೂಗುತ್ತವೆ. ದೊಡ್ಡಪ್ಪನ ಮೊಮ್ಮಗಳು ಎಲ್ಲರಿಗಿಂತ ಚೆನ್ನಾಗಿ ಕೂಗುತ್ತಾಳೆ. ಚಿಕ್ಕಮ್ಮ ಅವರು ಮುಗಿಸುವತನಕ ಕಾದು, ಆಮೇಲೆ ತಾನು ಕೂಗುತ್ತಾಳೆ.

"ನಾನ್ ಬೇರೆ ಕೀ ಮಾಡುಸ್ಕಂಡ್ ಬತ್ತೀನಿ ಚಿಕ್ಕಮ್ಮ" ಎಂದೆ ಒಮ್ಮೆ.

"ಬ್ಯಾಡ. ಅದುನ್ನ ಕದ್ದೆ ಅಂದಾರು. ಕೂಗುದ್ರೆ ಏನ್ ಸವೆಯಲ್ಲ ಬುಡು" ಎಂದಳು. ಆದರೆ ಅವಳ ದನಿ ಒಡೆದಿದೆ. ಮಾತಾಡುವಾಗಲೂ ಈಗ ಕರಕರ ಎನ್ನುತ್ತದೆ.

ಮೊನ್ನೆ ಅವಳ ಪಾಳಿಯ ದಿನ ಮಧ್ಯಾಹ್ನ ನಮ್ಮ ಮನೆಯಲ್ಲಿ ಊಟಕ್ಕೆ ಕೂತಿದ್ದೆವು. ಮುದ್ದೆ ಮುರಿದ ಅಪ್ಪ ತಟ್ಟೆಯನ್ನು ಅಮ್ಮನ ಕಡೆ ತಳ್ಳಿ, ಕತ್ತು ಉದ್ದ ಮಾಡಿ, ಆ ಮಕ್ಕಳದೇ ರಾಗದಲ್ಲಿ "ಬಾವಾ! ಸಾರು ಆಕೀ!" ಎಂದ. ಅಮ್ಮ ಸೌಟು ಹಿಡಿದುಕೊಂಡೇ ಕಣ್ಣಲ್ಲಿ ನೀರು ಬರುವಂತೆ ನಕ್ಕಳು. ಹೊರಗೆ ಪಂಪು ಓಡುತ್ತಿತ್ತು.